ಬಾಗಿಲಿಗೆ ಕಟ್ಟಿದ ನೊಣದ ಬಾಟಲಿ

ತುಂಬಿದ ಬಾಟಲಿ ಏನನ್ನು ಸಾಬೀತು ಮಾಡುತ್ತದೆ? ನಮ್ಮ ಕಾಕಾರ ಮಟ್ಟಿಗೆ, ಎಲ್ಲವನ್ನೂ.

ಕಳೆದ ಮಳೆಗಾಲದ ಮೊದಲ ದಿನಗಳವು. ಮಿರಜದ ನಮ್ಮ ಮನೆಗೆ ಯಾರೇ ಬರಲಿ, ಅವರು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ ಕಾಕಾ ಬಾಗಿಲಲ್ಲೇ ನಿಲ್ಲಿಸಿ, ತಲೆಯ ಮೇಲೆ ತೂಗುತ್ತಿದ್ದ ನೊಣದ ಬಾಟಲಿಗೆ ಬೆರಳು ತೋರಿಸುತ್ತಿದ್ದರು.

"ನೋಡ್ರಿ. ಇದು ಬರೇ ನಿನ್ನೆ ಒಂದ ದಿನದ್ದು."

ಬಂದವರು ಮೂಗು ಮುಚ್ಚಿಕೊಂಡು ನೋಡುತ್ತಿದ್ದರು. ಕಪ್ಪಗೆ ಗೊಜ್ಜಿನಂತೆ ಕೂಡಿಬಿದ್ದ ನೊಣ. "ಅಬಬಾ, ಏನ್ ನೊಣಾರೀ!" ಎಂದು ಅವರ ಬಾಯಿಂದ ಬಂದ ಕೂಡಲೇ ಕಾಕಾ ಪಕ್ಕದ ಗೋಡೆಯಾಚೆಗೆ ಒಮ್ಮೆ ಕಣ್ಣು ಹಾಯಿಸಿ, "ಎಲ್ಲಿಂದ ಬರ್ತಾವ ಅಂತ ನಾ ಬ್ಯಾರೆ ಹೇಳಬೇಕೇನು?" ಅನ್ನುತ್ತಿದ್ದರು.

ಹೇಳಬೇಕಿತ್ತು. ನನ್ನ ತಕರಾರು ಅದೇ ಆಗಿತ್ತು.

ನಾನು ಸಾಂಗ್ಲಿಯ ಕಾಲೇಜಿನಲ್ಲಿ ವಾದವಿವಾದದ ತಂಡದಲ್ಲಿದ್ದವಳು. ಚೀಟಿ ಎತ್ತಿದಾಗ ಯಾವ ಕಡೆ ಬಂದರೂ ಆ ಕಡೆಯಿಂದ ವಾದಿಸುವುದು ಅಲ್ಲಿನ ರೂಢಿ. ಇದರಿಂದ ಒಂದು ಲಾಭ ಆಗುತ್ತದೆ: ಮಾತು ಎಷ್ಟು ಗಟ್ಟಿಯಾಗಿ ಕೇಳಿಸುತ್ತದೋ ಅಷ್ಟು ಬೇಗ ಅದರ ಬುಡ ಕೆದರುವ ಚಟ ಬೀಳುತ್ತದೆ. ಒಂದು ನಷ್ಟವೂ ಆಗುತ್ತದೆ: ಮನೆಯವರು ನಿಮ್ಮನ್ನು ಊಟಕ್ಕೆ ಕರೆಯುವಾಗಲೂ ಸ್ವಲ್ಪ ಹುಷಾರಾಗಿರುತ್ತಾರೆ. ಮರಾಠಿಯಲ್ಲಿ ನಾನು ವಾದ ಮಾಡುತ್ತೇನೆ, ಕನ್ನಡದಲ್ಲಿ ಜಗಳ ಆಡುತ್ತೇನೆ. ಬಾಟಲಿಯ ವಿಷಯದಲ್ಲಿ ಎರಡೂ ಬೇಕಾದವು.

ಬಾಟಲಿಯನ್ನು ಕಾಕಾ ಸಾಂಗ್ಲಿ ಪೇಟೆಯಿಂದ ತಂದಿದ್ದರು. ಪಾರದರ್ಶಕ ಪ್ಲಾಸ್ಟಿಕ್ಕು, ಮೇಲೆ ಹಳದಿ ಮುಚ್ಚಳ, ಮುಚ್ಚಳದ ಕೆಳಗೆ ತೂತುಗಳು. ಒಳಗೆ ವಾಸನೆಯ ನೀರು. ನೊಣ ವಾಸನೆ ಹಿಡಿದು ತೂತಿನಿಂದ ಇಳಿಯುತ್ತದೆ, ಹೊರಬರುವಾಗ ಬೆಳಕಿನ ಕಡೆ ಹಾರಿ ಪ್ಲಾಸ್ಟಿಕ್ಕಿಗೆ ಡಿಕ್ಕಿ ಹೊಡೆದೂ ಹೊಡೆದೂ ಕೊನೆಗೆ ನೀರಿಗೆ ಬಿದ್ದು ಸಾಯುತ್ತದೆ. ಭಾಳ ಸರಳ. ಸರಳವಾದದ್ದನ್ನೇ ನಾನು ಮೊದಲು ಅನುಮಾನಿಸುವುದು.

ಆದರೆ ಮೊದಲು ಅನುಮಾನಪಟ್ಟವಳು ನಾನಲ್ಲ, ನಮ್ಮ ಆಯಿ, ಅಂದರೆ ಅಪ್ಪನ ಮತ್ತು ಕಾಕಾರ ತಾಯಿ. ಬಾಟಲಿಯ ಜೊತೆ ಒಂದು ಪುಡಿಯ ಪೊಟ್ಟಣ ಬಂದಿತ್ತು. ಕಾಕಾ ಅದನ್ನು ನೀರಿಗೆ ಹಾಕಿದ್ದೇ ತಡ, ಆಯಿ ಒಳಗಿನ ಕೋಣೆಯಿಂದ ಎದ್ದು ಬಂದಳು.

"ಏನೋ ಅದು, ಮೀನೇನು?"

"ಅಲ್ಲ ಅವ್ವಾ, ಔಷಧ."

"ಔಷಧಕ್ಕ ಮೀನಿನ ನಾತ ಯಾಕ ಬರತೈತಿ? ಕೊರಳಾಗ ಲಿಂಗ ಕಟ್ಟಿಕೊಂಡ ಮಂದಿ ನಾವು, ಬಾಗಲಾಗ ಮೀನ ತೂಗಹಾಕ್ತಿಯೇನು? ಒಗಿ ಅದನ್ನ."

ಕಾಕಾ ಒಗೆದರು. ಆಯಿಯ ಎದುರು ವಾದ ಹೂಡುವಷ್ಟು ತಯಾರಿ ನನಗೂ ಇಲ್ಲ. ಈಗ ಬಾಟಲಿಗೆ ಏನು ಹಾಕಬೇಕು? ನಮ್ಮದು ಬೆಲ್ಲದ ವ್ಯಾಪಾರ. ಮನೆಯಲ್ಲಿ ಕಾಕವಿಗೆ, ಅಂದರೆ ಬೆಲ್ಲ ಗಟ್ಟಿಯಾಗುವ ಮೊದಲಿನ ಆ ಕೆಂಪು ಪಾಕಕ್ಕೆ, ಎಂದೂ ಬರವಿಲ್ಲ. ಕಾಕಾ ಬಾಟಲಿ ತೊಳೆದು, ಕಾಕವಿಗೆ ನೀರು ಬೆರೆಸಿ ಹೊಯ್ದರು. ಎರಡು ದಿನಕ್ಕೆ ಅದು ಹುಳಿಯೊಡೆದು ಗಮ್ಮೆಂದಿತು. ನೊಣಕ್ಕೆ ಮೀನಾದರೇನು, ಬೆಲ್ಲವಾದರೇನು.

ಇನ್ನು ಎಲ್ಲಿ ಕಟ್ಟುವುದು? ಆ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ನಮ್ಮ ಮನೆಯನ್ನು ಕಾಯುವ ವಸ್ತುಗಳಿಗೆಲ್ಲ ಜಾಗ ಒಂದೇ, ಬಾಗಿಲ ಮೇಲಿನ ಮೊಳೆ. ಶನಿವಾರಕ್ಕೊಮ್ಮೆ ಹೊಸ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟುವುದು ಅದಕ್ಕೇ. ದೃಷ್ಟಿ ತಡೆಯುವುದು ಬಾಗಿಲಲ್ಲಿ ತೂಗುತ್ತದಾದರೆ ನೊಣ ತಡೆಯುವುದೂ ಅಲ್ಲೇ ತೂಗಬೇಕಲ್ಲ? ನಿಂಬೆಹಣ್ಣಿನ ಪಕ್ಕದಲ್ಲಿ ಬಾಟಲಿ ತೂಗಿತು. ದೃಷ್ಟಿಯನ್ನು ನಿಂಬೆಹಣ್ಣು ಕರೆಯುವುದಿಲ್ಲ, ಓಡಿಸುತ್ತದೆ ಎಂದು ನಂಬಿಕೆ. ಬಾಟಲಿ ಮಾಡುವುದು ತದ್ವಿರುದ್ಧ, ಅದು ಕರೆದು ಕೊಲ್ಲುತ್ತದೆ. ಈ ವ್ಯತ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಬಿಸಿಲಲ್ಲಿ ಬಂದವರಿಗೆ ಬಾಗಿಲಲ್ಲೇ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡುವ ಮನೆತನ ನಮ್ಮದು. ಈಗ ಗಲ್ಲಿಯ ನೊಣಕ್ಕೂ ಅದೇ ಮರ್ಯಾದೆ ಸಿಗತೊಡಗಿತು.

ಇದರಲ್ಲಿ ನಗುವಂಥದ್ದಷ್ಟೇ ಇದ್ದಿದ್ದರೆ ನಾನೂ ನಕ್ಕು ಬಿಡುತ್ತಿದ್ದೆ. ಆದರೆ ಗೋಡೆಯಾಚೆ, ಗಲ್ಲಿಯವರೆಲ್ಲ ಮಾವಶಿ ಎಂದು ಕರೆಯುವ ಹೆಂಗಸು ಇದ್ದರು, ಅವರ ಎರಡು ಎಮ್ಮೆ ಇದ್ದವು.

ಮಾವಶಿ ಮತ್ತು ಅವರ ಗಂಡ ಅಥಣಿ ಕಡೆಯಿಂದ ಕೂಲಿಗೆ ಬಂದವರು. ಗಂಡ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವರು, ಚೀಲ ಹೊತ್ತೂ ಹೊತ್ತೂ ಬೆನ್ನು ಹೋಯಿತು. ಅಂದಿನಿಂದ ಆ ಮನೆಯ ಒಲೆ ಉರಿಯುವುದು ಎಮ್ಮೆಯ ಹಾಲಿನಿಂದ. ಯಾರದೋ ಖಾಲಿ ಜಾಗದಲ್ಲಿ ತಗಡು ಹೊದಿಸಿದ ಕೊಟ್ಟಿಗೆ, ಅರ್ಧ ಗಲ್ಲಿಗೆ ದಿನಾ ಬೆಳಗ್ಗೆ ಹಾಲು ಹಾಕುವ ರತೀಬ. ಕಾಕಾರ ಯೋಜನೆ ಹೀಗಿತ್ತು: ಭಾನುವಾರ ಗಲ್ಲಿಯ ಹಿರಿಯರನ್ನೆಲ್ಲ ನಮ್ಮ ಕಟ್ಟೆಗೆ ಕರೆಯುವುದು, ಬಾಟಲಿ ತೋರಿಸುವುದು, ಎಲ್ಲರೂ ಕೂಡಿ ಪಾಲಿಕೆಗೆ ಹೋಗಿ ಎಮ್ಮೆಗಳನ್ನು ಊರ ಹೊರಗೆ ಹಾಕಿಸುವುದು. ಮಾವಶಿಗೆ ಲಿಂಗನೂರಿನಲ್ಲಿ ತಂಗಿಯ ಮನೆ ಇತ್ತು. "ಅಲ್ಲಿ ಕಟ್ಟಲಿ, ಯಾರ ಬ್ಯಾಡ ಅಂದಾರ?" ಅನ್ನುತ್ತಿದ್ದರು ಕಾಕಾ. ಲಿಂಗನೂರಿನಲ್ಲಿ ಮನೆಗೊಂದು ಎಮ್ಮೆ. ಅಲ್ಲಿ ಹಾಲು ಕೊಳ್ಳುವವರು ಯಾರು? ಅಲ್ಲಿಂದ ದಿನಾ ಬೆಳಗ್ಗೆ ಮಿರಜಕ್ಕೆ ಕ್ಯಾನು ಹೊತ್ತು ತರುವವರು ಯಾರು, ಬೆನ್ನು ಹೋದ ಗಂಡನೇ? ಎಮ್ಮೆ ಹೋದರೆ ಆ ಸಂಸಾರವೂ ಹೋದಂತೆಯೇ. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನಾನು ಮಾವಶಿಯ ಪರ ಎಂದು ನೀವು ಈಗಲೇ ತೀರ್ಮಾನಿಸಬೇಡಿ. ನಾನು ಮೊದಲು ಸಂಶಯಪಟ್ಟದ್ದು ಅವರ ಮೇಲೆಯೇ. ಒಂದು ಮಧ್ಯಾಹ್ನ ಕೊಟ್ಟಿಗೆಗೆ ಹೋದೆ.

"ಏನ ತಾಯಿ, ಹಾಲ ಸಾಲಲಿಲ್ಲೇನು?" ಮಾವಶಿ ಎಮ್ಮೆಯ ಮೈ ತಿಕ್ಕುತ್ತಿದ್ದರು.

"ಇಲ್ಲರಿ ಮಾವಶಿ, ಸುಮ್ನ ಬಂದೇನಿ."

"ಸುಮ್ನ ಬಂದವರು ತಿಪ್ಪಿ ಕಡೆ ನೋಡಾಂಗಿಲ್ಲ."

ಸಿಕ್ಕಿಬಿದ್ದ ಮೇಲೆ ಮುಚ್ಚುಮರೆ ಯಾಕೆ? ಒಂದು ಕಡ್ಡಿ ತೆಗೆದುಕೊಂಡು ತಿಪ್ಪೆ ಕೆದರಿದೆ. ಮೇಲೆ ಒಣಗಿದ ಪದರು, ಕೆಳಗೆ ಹಸಿ, ಹಸಿಯಲ್ಲಿ ಮಿಜಿಮಿಜಿ ಬಿಳಿ ಹುಳು. ನಾಳೆಯ ನೊಣಗಳು. ಬೇಸಿಗೆಯಲ್ಲಿ ಗೋಡೆಗೆ ತಟ್ಟಿದ್ದ ಸೆಗಣಿಯ ಒಣ ಕುಳ್ಳಿನಲ್ಲಿ ಒಂದೂ ಇರಲಿಲ್ಲ, ಆದರೆ ಅದರಿಂದ ತಿಪ್ಪೆಯ ಹುಳು ಸುಳ್ಳಾಗುವುದಿಲ್ಲ. ಕಾಕಾರ ವಾದಕ್ಕೆ ಬುಡವಿತ್ತು.

"ಇದನ್ನ ಹಿಂಗ ಯಾಕ ಬಿಟ್ಟೀರಿ ಮಾವಶಿ?"

"ಮಳ್ಯಾಗ ಕುಳ್ಳ ಒಣಗತಾವೇನು? ಗೊಬ್ಬರ ಒಯ್ಯೂ ರೈತ ಹೊಲದಾಗ ಕೆಸರ ಐತಿ ಅಂತ ಬರವಲ್ಲ. ನಾ ಏನ ತಲಿ ಮ್ಯಾಲ ಹೊತ್ಗೊಂಡ ಕುಂದರಲಿ?" ಎಮ್ಮೆಯ ಬೆನ್ನಿಗೆ ಒಂದು ಪೆಟ್ಟು ಕೊಟ್ಟು ಅಂದರು: "ನಿಮ್ಮ ಕಾಕಾ ಕಳಿಸ್ಯಾರೇನು?"

"ಯಾರೂ ಕಳಿಸಿಲ್ಲ. ನಾನ ಬಂದೇನಿ."

ಅವರು ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಮನೆಗೆ ಮರಳುವಾಗ ಎದುರುಮನೆಯ ಗುರುಜಿ ಕಟ್ಟೆಯಲ್ಲಿ ಪೇಪರು ಓದುತ್ತ ಕೂತಿದ್ದರು. ಶಾಲೆಯಿಂದ ನಿವೃತ್ತರಾದ ಮರಾಠಿ ಮಾಸ್ತರರು, ಕನ್ನಡ ತಿಳಿಯುತ್ತದೆ, ಆಡುವುದಿಲ್ಲ. ನಿಮ್ಮಲ್ಲಿ ನೊಣ ಹೇಗೆ ಎಂದು ಕೇಳಿದೆ. "ಆಹೇತ ಕೀ," ಅಂದರು, ಇವೆ ಇವೆ. ಆಮೇಲೆ ನಮ್ಮ ಬಾಗಿಲ ಕಡೆ ಕತ್ತೆತ್ತಿ ನೋಡಿ, "ಪಣ ತುಮ್ಚ್ಯಾ ಎವ್ಢ್ಯಾ ನಾಹೀತ." ನಿಮ್ಮಷ್ಟಿಲ್ಲ.

ನಾನು ಅಲ್ಲೇ ನಿಂತೆ. ಕೊಟ್ಟಿಗೆಯಿಂದ ಗುರುಜಿ ಕಟ್ಟೆ ಎಷ್ಟು ದೂರವೋ ನಮ್ಮ ಕಟ್ಟೆಯೂ ಹೆಚ್ಚುಕಮ್ಮಿ ಅಷ್ಟೇ ದೂರ. ತಿಪ್ಪೆ ಅದೇ, ಗಾಳಿ ಅದೇ. ಹಾಗಿದ್ದ ಮೇಲೆ ನೊಣಕ್ಕೆ ಬೆಲ್ಲದ ವ್ಯಾಪಾರಿಯ ಮನೆಯೇ ಯಾಕೆ ಇಷ್ಟವಾಗಬೇಕು? ಎರಡು ಬಾಗಿಲಿಗೂ ಇದ್ದ ಫರಕು ಒಂದೇ. ಅದು ನಮ್ಮ ಮೊಳೆಗೆ ತೂಗುತ್ತಿತ್ತು.

ಅಂದು ಊಟಕ್ಕೆ ಕೂತಾಗ ಕಾಕಾರನ್ನು ಹಿಡಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಎಂದಿನಂತೆ ತಾಟು ಬಿಟ್ಟು ಬೇರೆಡೆ ನೋಡಲಿಲ್ಲ.

"ಕಾಕಾ, ಬಾಟಲಿ ತರೂಕಿಂತ ಮೊದಲ ಊಟದಾಗ ನೊಣ ಹೆಚ್ಚಿದ್ದೂವೋ, ಈಗೋ?"

"ಈಗ. ಅದಕ್ಕ ಅಲ್ಲೇನು ಬಾಟಲಿ ಕಟ್ಟಿದ್ದು?"

"ಕಟ್ಟಿದ ಮ್ಯಾಲ ಹೆಚ್ಚಾದ್ವು ಅನ್ನಾಕತ್ತೇನಿ."

"ಬಾಟಲಿ ಇರದಿದ್ರ ಇನ್ನೂ ಹೆಚ್ಚ ಆಗ್ತಿದ್ದೂ."

ಈ ವಾದದ ಸೊಗಸು ನೋಡಿ. ನೊಣ ಕಡಿಮೆಯಾದರೆ ಬಾಟಲಿ ಕೆಲಸ ಮಾಡಿತು. ಹೆಚ್ಚಾದರೆ ಬಾಟಲಿ ಇನ್ನೂ ಬೇಕು. ಏನೇ ಆದರೂ ಗೆಲ್ಲುವ ಇಂಥ ವಾದ ಕಂಡರೆ ನನಗೆ ಮೈಯೆಲ್ಲ ಅನುಮಾನ.

"ಹಂಗಾದ್ರ ಹಿತ್ತಲ ತುದೀಗೆ ಕಟ್ಟೋಣರಿ, ನುಗ್ಗಿ ಗಿಡಕ್ಕ. ಬರೂ ನೊಣ ಅಲ್ಲೇ ಸಾಯಲಿ, ಮನೀತನ ಯಾಕ ಬರಬೇಕು?"

"ಅಲ್ಲಿ ಕಟ್ಟಿದ್ರ ಯಾರ ನೋಡ್ತಾರ?"

ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕಾ ತಾವು ಅಂದದ್ದನ್ನು ತಾವೇ ಕೇಳಿಸಿಕೊಂಡವರಂತೆ ಒಂದು ಗುಟುಕು ನೀರು ಕುಡಿದರು. ನೊಣ ಹೋಗುವುದು ಅವರಿಗೆ ಬೇಕಾಗಿರಲಿಲ್ಲ, ಬಾಟಲಿ ತುಂಬುವುದು ಬೇಕಾಗಿತ್ತು.

ಯಾಕೆ? ಇಲ್ಲಿ ನನಗೆ ಇನ್ನೊಂದು ಗುಮಾನಿ. ಕಾಕಾ ಹೋಳಿಯ ಹೊತ್ತಿಗೆ ಹಳೆಯದೊಂದು ಕಾರು ಕೊಂಡಿದ್ದರು. ಅದು ಗಲ್ಲಿಯ ಬೇವಿನ ಮರದ ಕೆಳಗೆ ಹಕ್ಕಿ ಹಿಕ್ಕೆ ಹೊತ್ತು ನಿಂತಿರುತ್ತಿತ್ತು. ಕೊಟ್ಟಿಗೆಯ ಜಾಗ ಖಾಲಿಯಾದರೆ ಅಲ್ಲಿ ಕಾರು ಚೊಕ್ಕಟವಾಗಿ ನಿಲ್ಲುತ್ತದೆ. ಕೇಳಿಯೇ ಬಿಟ್ಟೆ.

"ಏ ವಕೀಲ್ ಬಾಯಿ!" ಕಾಕಾ ಕೈ ತೊಳೆಯಲು ಎದ್ದರು. "ನನ್ನ ಗಾಡಿಗೂ ನೊಣಕ್ಕೂ ಏನ ಸಂಬಂಧ? ನಾಳೆ ನಾ ಕೆಮ್ಮಿದ್ರ ಅದಕ್ಕೂ ಕಾರಣ ಹುಡುಕ್ತಿ ನೀ."

ನನ್ನ ಬಳಿ ಪುರಾವೆ ಇರಲಿಲ್ಲ, ಈಗಲೂ ಇಲ್ಲ. ಇದ್ದರೂ, ಆಡುವವನ ಉದ್ದೇಶ ಕೆಟ್ಟದ್ದಾದ ಮಾತ್ರಕ್ಕೆ ಆಡಿದ್ದು ಸುಳ್ಳಾಗುವುದಿಲ್ಲ. ತಿಪ್ಪೆಯಲ್ಲಿ ಹುಳು ಇದ್ದದ್ದು ನಿಜ. ಆದ್ದರಿಂದ ಬಾಯಿ ಮುಚ್ಚಿಕೊಂಡು ಕಾದೆ.

ಆ ವಾರ ಕಾಕಾ ಬೆಲ್ಲದ ಸವಾಲಿಗೆ, ಅಂದರೆ ಹರಾಜಿಗೆ, ಕೊಲ್ಲಾಪುರಕ್ಕೆ ಹೋದರು. ಅವರು ಗಲ್ಲಿ ದಾಟಿದ್ದೇ ನಾನು ಬಾಟಲಿ ಬಿಚ್ಚಿ ಹಿತ್ತಲ ನುಗ್ಗೆ ಗಿಡಕ್ಕೆ ಕಟ್ಟಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ನಿಮ್ಮ ಕಾಕಾ ಬಂದ ಮ್ಯಾಲ ನೀನ ಉತ್ತರ ಕೊಡಬೇಕ ನೋಡು, ನಾ ಏನೂ ಕಂಡಿಲ್ಲ." ಕಟ್ಟೆಗೆ ಚೆಲ್ಲಿದ್ದ ಕಾಕವಿಯ ಅಂಟನ್ನು ಮಾತ್ರ ಬಿಸಿನೀರು ಹಾಕಿ ತಾನೇ ತಿಕ್ಕಿದಳು. ಏನೂ ಕಾಣದವಳು.

ಒಂದೆರಡು ದಿನದಲ್ಲಿ ಊಟದ ತಾಟಿನ ಮೇಲೆ ಕೈಬೀಸುವುದು ಕಡಿಮೆಯಾಯಿತು. ಆಯಿ ಮಧ್ಯಾಹ್ನ ಮುಖದ ಮೇಲೆ ಸೆರಗಿಲ್ಲದೆ ಮಲಗಿದಳು. ಹಿತ್ತಲಲ್ಲಿ ಬಾಟಲಿ ಮೊದಲಿನಂತೆಯೇ ತುಂಬುತ್ತಿತ್ತು. ಹಾಗಾದರೆ ಗೆದ್ದೆನೇ? ಅದೇ ದಿನಗಳಲ್ಲಿ ಮಳೆ ಬಿಟ್ಟು ಬಿಸಿಲೂ ಬಿದ್ದಿತ್ತು. ನೊಣ ಇಳಿದದ್ದು ಬಾಟಲಿ ಸರಿದದ್ದಕ್ಕೋ, ಬಿಸಿಲಿಗೋ? ಎದುರಾಳಿ ಕೇಳಬಹುದಾದ ಪ್ರಶ್ನೆಯನ್ನು ನಾನೇ ಕೇಳಿಕೊಂಡೆ.

ಶನಿವಾರ ಕಾಕಾ ಮರಳಿದರು. ಬೈಯಲಿಲ್ಲ. ಹಿತ್ತಲಿಂದ ಬಾಟಲಿ ತಂದರು, ತೊಳೆಯಲಿಲ್ಲ, ಇದ್ದ ನೊಣದ ಮೇಲೇ ಹೊಸ ಕಾಕವಿ ಹೊಯ್ದರು, ಹೊಸ ನಿಂಬೆಹಣ್ಣಿನ ಪಕ್ಕ ಮೊಳೆಗೆ ಕಟ್ಟಿದರು. ನಾಳೆಯ ಸಭೆಗೆ ಸಾಕ್ಷಿಯನ್ನು ಉಣ್ಣಿಸಿ ಉಡಿಸಿ ತಯಾರು ಮಾಡಿದ ಹಾಗೆ.

ಭಾನುವಾರ ಬೆಳಗ್ಗೆ ಹಿರಿಯರು ಬಂದು ಕಟ್ಟೆಯ ಮೇಲೆ ಕೂತರು. ಅವ್ವ ಚಹಾ ತಂದಳು. ಕಾಕಾ ಬಾಟಲಿಯ ಕೆಳಗೆ ನಿಂತು, ಗಲ್ಲಿ ಮೊದಲು ಹೇಗಿತ್ತು, ಈಗ ಹೇಗಾಯಿತು ಎಂದು ಶುರುಮಾಡಿದರು. ಎಲ್ಲರೂ ಒಂದು ಕೈಯಲ್ಲಿ ಕಪ್ಪು ಹಿಡಿದು ಇನ್ನೊಂದು ಕೈ ಕಪ್ಪಿನ ಮೇಲೆ ಆಡಿಸುತ್ತಿದ್ದರು. ಗುರುಜಿ ತಮ್ಮ ಕಪ್ಪಿನಿಂದ ಒಂದು ನೊಣ ಎತ್ತಿ ಒಗೆದು, "ಮುದ್ದ್ಯಾವರ ಯಾ," ಅಂದರು, ವಿಷಯಕ್ಕೆ ಬನ್ನಿ.

"ವಿಷಯ ಮ್ಯಾಲ ತೂಗಾಕತ್ತೈತಿ ನೋಡ್ರಿ," ಅಂದರು ಕಾಕಾ.

ನಾನು ಎದ್ದೆ. "ಊರಿಗೆಲ್ಲ ಊಟ ಇಟ್ಟು, ಬಂದವರನ್ನ ತೋರಿಸಿ, ಊರಾಗ ಮಂದಿ ಭಾಳ ಆಗ್ಯಾರ, ಹೊರಗ ಹಾಕ್ರಿ ಅಂದ್ರ ನಡೀತೈತೇನ್ರಿ? ಬಾಟಲ್ಯಾಗಿನ ನೊಣ ಎಲ್ಲಿ ಹುಟ್ಟಿದ್ವೋ ಬಾಟಲಿ ಹೇಳಾಂಗಿಲ್ಲ. ಯಾಕ ಇಲ್ಲಿಗೆ ಬಂದ್ವು ಅನ್ನೂದಷ್ಟ ಹೇಳತೈತಿ. ನನ್ನ ಮಾತ ನಂಬಬ್ಯಾಡ್ರಿ. ಎಲ್ಲಾರೂ ಕಪ್ಪ ಹಿಡಕೊಂಡ ಗುರುಜಿ ಕಟ್ಟೀಗಿ ಬರ್ರಿ."

"ಚಹಾ ಕುಡಿಲಾಕ ಮೆರವಣಿಗಿ ಬ್ಯಾರೆ," ಎಂದು ಯಾರೋ ಗೊಣಗಿದರು. ಆದರೆ ಎದ್ದರು. ಕಪ್ಪು ತುಳುಕದಂತೆ ಗಲ್ಲಿ ದಾಟಿದರು. ಗುರುಜಿಯ ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತಿಗೆ ಕಪ್ಪಿನ ಮೇಲೆ ಆಡುತ್ತಿದ್ದ ಕೈಗಳು ಒಂದೊಂದಾಗಿ ಮೊಣಕಾಲಿಗೆ ಇಳಿದವು. ಕೊನೆಗೆ ಗುರುಜಿಯೇ ನಕ್ಕು, ನಿಮ್ಮ ಬಾಟಲಿಗೆ ಪಾಹುಣೇರು ಭಾಳ, ಎಂದು ಮರಾಠಿಯಲ್ಲಿ ಅಂದರು. ಪಾಹುಣೇರು ಅಂದರೆ ಮನೆಗೆ ಬರುವ ಬೀಗರು, ಬಂಧುಬಳಗ. ಗಲ್ಲಿಯೆಲ್ಲ ನಕ್ಕಿತು.

ಕಾಕಾ ನಗಲಿಲ್ಲ. "ಹಂಗಾದ್ರ ಕೊಟ್ಟಿಗಿಗೂ ಹೋಗೂಣು ಬರ್ರಿ. ಅಲ್ಲೂ ನೋಡ್ರಿ," ಅಂದರು. ಸರಿಯಾದ ಮಾತು. ಹೋದೆವು.

ಮಾವಶಿ ಬಾಗಿಲಲ್ಲೇ ನಿಂತಿದ್ದರು, ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು. ಒಂದು ಮೂಲೆಯಲ್ಲಿ ಬೇವಿನ ಸೊಪ್ಪಿನ ಹೊಗೆ. ನಾನು ಕಡ್ಡಿ ಹಾಕಿ ಕೆದರಿದ್ದ ಆ ಹಸಿ ತಿಪ್ಪೆ ಮಾಯವಾಗಿತ್ತು. ನೆಲಕ್ಕೆ ಸುಣ್ಣದ ಪುಡಿ ಚೆಲ್ಲಿತ್ತು.

"ನೋಡ್ರಿ!" ಕಾಕಾ ಚಪ್ಪಾಳೆ ತಟ್ಟಿದರು. "ಇವತ್ತ ನಸುಕಿನ್ಯಾಗ ತಿಪ್ಪಿ ತಗಸ್ಯಾಳ, ಹೊಗಿ ಹಾಕ್ಯಾಳ. ನೀವು ಬರೂದು ಆಕೀಗೆ ಯಾರ ಹೇಳಿದ್ರು?"

ಅವರು ಹೇಳಿದ್ದು ನಿಜ. ಒಂದು ಕಡೆ ಕಾಕವಿ ಹೊಯ್ದ ಸಾಕ್ಷಿ, ಇನ್ನೊಂದು ಕಡೆ ಸುಣ್ಣ ಬಳಿದ ಸಾಕ್ಷಿ. ಕಾಕಾ ನನ್ನ ಕಡೆ ನೋಡಿದರು. ನಾನು ಹೇಳಿರಲಿಲ್ಲ. ನಾನು ತಿರುಗಿ ಗಲ್ಲಿಯಾಚೆ ನೋಡಿದೆ. ಅಲ್ಲಿ ಅವ್ವ ಗುರುಜಿಯ ಕಟ್ಟೆಯ ಮೇಲಿನ ಕಪ್ಪುಗಳನ್ನು ತಾಟಿಗೆ ಜೋಡಿಸುತ್ತಿದ್ದಳು, ತಲೆ ಎತ್ತದೆ. ಏನೂ ಕಾಣದವಳು. ಕೇಳಿದರೆ ಇಂದಿಗೂ ಅವಳದು ಅದೇ ಉತ್ತರ.

"ಯಾರಾರ ಹೇಳಲಿ," ಮಾವಶಿ ಅಂದರು. "ಮನೀಗಿ ಮಂದಿ ಬರ್ತಾರಂದ್ರ ಕಸ ಹೊಡೀತಾರಿಲ್ಲೋ? ನಿಮ್ಮ ಮನ್ಯಾಗ ಹೊಡ್ಯಾಂಗಿಲ್ಲೇನ್ರಿ?"

ಗುರುಜಿ ಎರಡೂ ಕಡೆ ನೋಡಿ ಹಳೆಯ ಮಾಸ್ತರರ ಹಾಗೆ ತೀರ್ಪು ಕೊಟ್ಟರು. ಬಾಟಲಿ ಹಿತ್ತಲಿಗೆ ಹೋಗಬೇಕು. ತಿಪ್ಪೆ ಕೊಳೆಯುವ ಮೊದಲೇ ಹೊರಗೆ ಸಾಗಬೇಕು. ಎಮ್ಮೆಗಳು ಮಳೆಗಾಲ ಮುಗಿಯುವತನಕ ಇರಲಿ, ಆಮೇಲೆ ನೋಡೋಣ.

"ಆಮ್ಯಾಲ ಅಂದ್ರ?" ಮಾವಶಿ ಕೇಳಿದರು. "ಮಳಿ ನಿಂತ ಮ್ಯಾಲ ಮತ್ತ ಕುಂಡ್ರಾವರೇನ್ರಿ ನೀವು?"

ಅಷ್ಟರಲ್ಲಿ ಎಲ್ಲರಿಗೂ ಮನೆಯಲ್ಲಿ ಕೆಲಸ ನೆನಪಾಯಿತು.

ಮರುದಿನ ಬೆಳಗ್ಗೆ ಮಾವಶಿ ರತೀಬಕ್ಕೆ ಬಂದಾಗ ಪಾತ್ರೆ ಹಿಡಿದವಳು ನಾನೇ. ಅವರು ಹಾಲು ಹೊಯ್ದರು. ನಾನು ಪಾತ್ರೆಯನ್ನು ಒಂಚೂರು ಬೆಳಕಿಗೆ ವಾಲಿಸಿದೆ. ಅಷ್ಟೇ.

"ಇಲ್ಲ ತಾಯಿ, ನೊಣ ಇಲ್ಲ."

"ಅದಕ್ಕ ನೋಡಲಿಲ್ಲರಿ ಮಾವಶಿ."

"ಅದಕ್ಕ ನೋಡಿದಿ." ಅವರು ಸಿಟ್ಟಾಗಿರಲಿಲ್ಲ. ಕ್ಯಾನಿನ ಮುಚ್ಚಳ ಒತ್ತಿ ಹಾಕಿದರು. "ನೋಡು, ತಪ್ಪಿಲ್ಲ. ನಿಮ್ಮ ಕಾಕಾ ನೋಡಲಾರದ ಮಾತಾಡ್ತಾರ, ನೀ ನೋಡಿ ಮಾತಾಡ್ತಿ. ಆದ್ರ ಎಮ್ಮಿ ನನ್ನವು. ಇಬ್ಬರನ್ನ ಕಂಡ್ರೂ ನನಗ ಅಂಜಿಕಿನ."

ಮಳೆ ನಿಂತು ಈಗ ಚಳಿ ಬಿದ್ದಿದೆ. ಸಭೆಯನ್ನು ಯಾರೂ ಮತ್ತೆ ಕರೆದಿಲ್ಲ, ಆಗಿನ ಮಾತನ್ನು ಯಾರೂ ಹಿಂತೆಗೆದುಕೊಂಡೂ ಇಲ್ಲ. ಕಾಕಾರ ಕಾರು ಬೇವಿನ ಮರದ ಕೆಳಗೇ ಇದೆ. ಬಾಗಿಲ ಮೊಳೆಗೆ ನಿಂಬೆಹಣ್ಣು ಮಾತ್ರ. ಹಿತ್ತಲಲ್ಲಿ ಬಾಟಲಿ ಈಗಲೂ ತುಂಬುತ್ತದೆ, ಬಂದವರಿಗೆ ಯಾರೂ ತೋರಿಸುವುದಿಲ್ಲ. ಭಾನುವಾರ ಬೆಳಗ್ಗೆ ನಮ್ಮ ಕಟ್ಟೆಯ ಮೇಲೆ ಒಂದಕ್ಕಿಂತ ಹೆಚ್ಚು ಕುರ್ಚಿ ಎಳೆದ ಸದ್ದಾದರೆ ಸಾಕು, ಗೋಡೆಯಾಚೆ ಪೊರಕೆಯ ಸದ್ದು ಶುರುವಾಗುತ್ತದೆ.